ಮರೆಹೊಕ್ಕವನಿಗಾಗಿ ಬಿದ್ದ ಕೋಟೆ



ಹಂಪಿಯನ್ನು ನೋಡದವರು ನಿಮ್ಮಲ್ಲಿ ವಿರಳ. ಸಂಜೆ ಹೇಮಕೂಟದ ಬಂಡೆಯ ಮೇಲೆ ಕುಳಿತು ಸೂರ್ಯಾಸ್ತವನ್ನು ಕಂಡು ಬಂದುದಾಗಿ ಎಷ್ಟೋ ಮಂದಿ ನನಗೆ ಬರೆದಿದ್ದೀರಿ. ಅದೇ ಬಂಡೆಯ ಮೇಲೆ ಮೂರು ಗರ್ಭಗುಡಿಗಳ, ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳ ಒಂದು ಶಿವಾಲಯವಿದೆ. ನೀವು ಅದರ ಪಕ್ಕದಲ್ಲಿಯೇ ನಡೆದು ಬಂದಿರುತ್ತೀರಿ. ಮುಮ್ಮಡಿ ಸಿಂಗೆಯ ನಾಯಕನ ಮಗನಾದ ವೀರ ಕಂಪಿಲದೇವನು ತನ್ನ ತಂದೆತಾಯಿಗಳ ನೆನಪಿಗಾಗಿ ಶಿವಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ವಿಜಯನಗರವೆಂಬ ಹೆಸರು ಹುಟ್ಟುವುದಕ್ಕೆ ಮೊದಲೇ ಎದ್ದ ಗುಡಿ ಅದು. ಆ ಕಂಪಿಲದೇವ ಯಾರು, ಅವನ ಕೋಟೆ ಎಲ್ಲಿತ್ತು, ಅದು ಏಕೆ ಬಿದ್ದಿತು ಎಂದು ಕೇಳಿದರೆ ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ಬಂದರೆ ತಪ್ಪು ಉತ್ತರ ಬರುತ್ತದೆ. ಈ ಲೇಖನವನ್ನು ಆ ತಪ್ಪು ಉತ್ತರಗಳ ವಿರುದ್ಧ ಬರೆಯುತ್ತಿದ್ದೇನೆ.

ಕೋಟೆ ದೂರವೇನೂ ಇಲ್ಲ. ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಹೋದರೆ, ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯಲ್ಲಿ, ಜಬ್ಬಲಗುಡ್ಡದ ಬಳಿ ಬಂಡೆಗುಡ್ಡಗಳ ನಡುವೆ ಕುಮ್ಮಟದುರ್ಗವಿದೆ. ಕಂಪಿಲನ ರಾಜ್ಯಕ್ಕೆ ಹೆಸರು ಕೊಟ್ಟ ಕಂಪ್ಲಿ ನದಿಯ ದಕ್ಷಿಣ ದಡದ ಊರು; ಅವನ ಬಲವಿದ್ದುದು ಉತ್ತರದ ಈ ಬೆಟ್ಟಗಳಲ್ಲಿ. ನಮ್ಮ ಹಿಂದಿನವರು ದುರ್ಗಗಳನ್ನು ಗಿರಿದುರ್ಗ, ಜಲದುರ್ಗ, ವನದುರ್ಗ ಎಂದು ವಿಂಗಡಿಸಿದ್ದರು. ಈ ಸೀಮೆಯಲ್ಲಿ ಗಿರಿದುರ್ಗವನ್ನು ಕಟ್ಟುವವನು ಬೆಟ್ಟದ ಸುತ್ತಲೂ ಒಂದೇ ಸಮನೆ ಗೋಡೆ ಎಬ್ಬಿಸಬೇಕಾಗಿಲ್ಲ; ನಿಸರ್ಗವಿತ್ತ ಹೆಬ್ಬಂಡೆಗಳನ್ನೇ ಗೋಡೆಯೆಂದು ಬಗೆದು, ಅವುಗಳ ನಡುವಣ ಸಂದುಗಳನ್ನು ಕಲ್ಲಿನಿಂದ ಮುಚ್ಚಿದರೆ ಸಾಕು. ನಾನು ಅಲ್ಲಿಗೆ ಎರಡು ಬಾರಿ ಹೋಗಿದ್ದೇನೆ, ಸೇವೆಯಲ್ಲಿದ್ದಾಗ ಒಮ್ಮೆ, ನಿವೃತ್ತನಾದ ಮೇಲೆ ಇನ್ನೊಮ್ಮೆ. ಮೊದಲ ಸಲ ಎದೆಯೆತ್ತರಕ್ಕೆ ನಿಂತಿದ್ದ ಗೋಡೆಯ ಸಾಲೊಂದು ಎರಡನೆಯ ಸಲ ಕಲ್ಲುರಾಶಿಯಾಗಿತ್ತು. ಪಾಳುಗುಡಿಯೊಂದರ ನೆಲದಲ್ಲಿ ಯಾರೋ ಹೊಸದಾಗಿ ಗುಂಡಿ ತೋಡಿದ್ದರು. ಮುಳ್ಳುಕಂಟಿಯ ದೆಸೆಯಿಂದ ಮೇಲಿನ ಭಾಗಕ್ಕೆ ಹತ್ತಲು ಆಗಲಿಲ್ಲ.

ಇನ್ನು ಇತಿಹಾಸಕ್ಕೆ ಬರೋಣ. ದೇವಗಿರಿಯ ಸೇವುಣರಿಗೆ ನಡೆದುಕೊಳ್ಳುತ್ತಿದ್ದ ನಾಯಕ ಮನೆತನವೊಂದು, ಅವರ ಬಲ ಕುಂದಿದಾಗ ಈ ಬೆಟ್ಟಗಳಲ್ಲಿ ಸ್ವತಂತ್ರವಾಗಿ ನಿಂತಿತು. ಸಿಂಗೆಯ ನಾಯಕನ ತರುವಾಯ ಅವನ ಮಗ ಕಂಪಿಲ ಆಳಿದನು. ಒಂದು ಕಡೆ ಹೊಯ್ಸಳ ಮೂರನೆಯ ಬಲ್ಲಾಳನೊಡನೆ ಹಗೆತನ, ಇನ್ನೊಂದು ಕಡೆ ದೆಹಲಿಯ ಭಯ. ಇವುಗಳ ನಡುವೆ ಆ ಸಣ್ಣ ರಾಜ್ಯ ತಲೆಯೆತ್ತಿ ಬಾಳಿತು.

ಆಗ ದೆಹಲಿಯಲ್ಲಿದ್ದವನು ಕಾರ್ನಾಡರ ನಾಟಕದಿಂದ ನಿಮಗೆಲ್ಲ ಪರಿಚಿತನಾದ ಮಹಮ್ಮದ್ ಬಿನ್ ತುಘಲಕ್. ಅವನ ಸೋದರತ್ತೆಯ ಮಗ ಬಹಾಉದ್ದೀನ್ ಗುರ್ಷಾಸ್ಪ್ ನಮ್ಮ ಸಗರದ ಅಧಿಕಾರಿಯಾಗಿದ್ದನು. ಸಗರವೆಂದರೆ ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರದ ಬಳಿಯ ಊರು. 1326ರ ಸುಮಾರಿಗೆ ಅವನು ಸುಲ್ತಾನನ ವಿರುದ್ಧ ದಂಗೆಯೆದ್ದನು, ಸೋತನು, ಹೆಂಡಿರು ಮಕ್ಕಳೊಡನೆ ಓಡಿಬಂದು ಕಂಪಿಲನ ಮರೆಹೊಕ್ಕನು. ಕಂಪಿಲ ಅವನನ್ನು ಉಳಿಸಿಕೊಂಡನು. ದೆಹಲಿಯ ದಂಡು ಬೆನ್ನಟ್ಟಿ ಬಂದಿತು. ಮೊದಲ ದಾಳಿಗಳು ಹಿಮ್ಮೆಟ್ಟಿದವು. ಮತ್ತೆ ದೊಡ್ಡ ಸೇನೆ ಬಂದಾಗ ಕುಮ್ಮಟ ಉಳಿಯಲಿಲ್ಲ. ಕಂಪಿಲ ಹೊಸಮಲೆದುರ್ಗಕ್ಕೆ ಸರಿದನು. ಇಂದಿನ ಹೇಮಗುಡ್ಡವೇ ಆ ದುರ್ಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಯೂ ಮುತ್ತಿಗೆ ಬಿಗಿದು, ಇನ್ನು ಉಳಿಗಾಲವಿಲ್ಲವೆಂದು ತಿಳಿದಾಗ ಅವನು ಏನು ಮಾಡಿದನೆಂಬುದನ್ನು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಅತಿಥಿಯನ್ನು ಹಿಡಿದುಕೊಟ್ಟು ಪ್ರಾಣ ಉಳಿಸಿಕೊಳ್ಳುವ ದಾರಿ ಕಂಪಿಲನಿಗಿತ್ತು. ಅವನು ಅದನ್ನು ಹಿಡಿಯಲಿಲ್ಲ. ಗುರ್ಷಾಸ್ಪನನ್ನು ಕುಟುಂಬಸಮೇತ ಸುರಕ್ಷಿತವಾಗಿ ಮತ್ತೊಬ್ಬ ಅರಸನಲ್ಲಿಗೆ ಕಳುಹಿಸಿಕೊಟ್ಟನು. ಆಮೇಲೆ ಕೋಟೆಯ ಬಾಗಿಲು ತೆರೆದು, ಸಾಯುವವರೆಗೆ ಕಾದಾಡಿ ಮಡಿದನು. ಅದು 1327.

ಆ ಮತ್ತೊಬ್ಬ ಅರಸ ಹೊಯ್ಸಳ ಬಲ್ಲಾಳ. ದೆಹಲಿಯ ಸೇನೆ ತನ್ನ ಗಡಿಗೆ ಬರುವುದನ್ನು ಕಂಡು ಅವನು ಗುರ್ಷಾಸ್ಪನನ್ನು ಹಿಡಿದುಕೊಟ್ಟನು. ಸುಲ್ತಾನನು ಅತ್ತೆಯ ಮಗನ ಚರ್ಮವನ್ನು ಸುಲಿಸಿ, ಹುಲ್ಲು ತುಂಬಿಸಿ, ಊರೂರಿಗೆ ಪ್ರದರ್ಶನಕ್ಕೆ ಕಳುಹಿಸಿದನು. ಬಲ್ಲಾಳನ ರಾಜ್ಯ ಆ ಹೊತ್ತಿಗೆ ಉಳಿಯಿತು. ಹದಿನೈದು ವರ್ಷಗಳ ಬಳಿಕ, 1342ರ ಸುಮಾರಿಗೆ, ಮಧುರೆಯ ಸುಲ್ತಾನನ ಕೈಗೆ ಸಿಕ್ಕ ಬಲ್ಲಾಳನಿಗೂ ಅದೇ ಗತಿಯಾಯಿತು. ಹುಲ್ಲು ತುಂಬಿದ ಅವನ ಚರ್ಮ ಮಧುರೆಯ ಗೋಡೆಯ ಮೇಲೆ ತೂಗುತ್ತಿದ್ದುದನ್ನು ಇಬ್ನ್ ಬತೂತ ಕಣ್ಣಾರೆ ಕಂಡಿದ್ದಾನೆ. ಇದನ್ನು ಕರ್ಮಫಲವೆಂದು ನಾನು ಹೇಳುವುದಿಲ್ಲ. ಆ ವಯಸ್ಸಿನಲ್ಲೂ ರಣರಂಗಕ್ಕಿಳಿದ ಬಲ್ಲಾಳ ಹೇಡಿಯಲ್ಲ. ಒಂದೇ ಪರೀಕ್ಷೆ ಇಬ್ಬರು ಕನ್ನಡ ಅರಸರ ಮುಂದೆ ಬಂದಾಗ ಒಬ್ಬನು ಒಂದು ಉತ್ತರ ಬರೆದನು, ಇನ್ನೊಬ್ಬನು ಬೇರೊಂದು ಉತ್ತರ ಬರೆದನು ಎಂದಷ್ಟೇ ಹೇಳುತ್ತೇನೆ. ನಮ್ಮ ಶಾಸನಗಳಲ್ಲಿ ಅರಸರಿಗೆ ಶರಣಾಗತವಜ್ರಪಂಜರನೆಂಬ ಬಿರುದು ಮತ್ತೆ ಮತ್ತೆ ಬರುತ್ತದೆ. ಬಿರುದನ್ನು ಕೆತ್ತಿಸಿಕೊಂಡವರು ಬಹಳ. ಅದಕ್ಕಾಗಿ ರಾಜ್ಯವನ್ನೇ ತೆತ್ತವರು ಎಷ್ಟು ಮಂದಿ?

ಈಗ ತಪ್ಪು ಉತ್ತರಗಳಿಗೆ ಬರುತ್ತೇನೆ. ಮೊದಲನೆಯದು, ಕುಮ್ಮಟದ ಯುದ್ಧ ಎರಡು ಧರ್ಮಗಳ ಯುದ್ಧವೆಂಬುದು. ಇತ್ತೀಚಿನ ಭಾಷಣಗಳಲ್ಲಿ ಇದು ಗಟ್ಟಿಯಾಗಿ ಕೇಳಿಬರುತ್ತಿದೆ. ದಾಳಿ ಮಾಡಿದವನು ದೆಹಲಿಯ ಸುಲ್ತಾನನೆಂಬುದು ನಿಜ, ಅವನ ಕ್ರೌರ್ಯ ನಿಜ. ಸೆರೆಸಿಕ್ಕ ಕಂಪಿಲನ ಹನ್ನೊಂದು ಮಕ್ಕಳನ್ನು ಮತಾಂತರಿಸಿದರೆಂಬುದೂ ಇಬ್ನ್ ಬತೂತನ ಬರಹದಲ್ಲಿದೆ. ಅವರಲ್ಲಿ ಒಬ್ಬನು ಅಬೂ ಮುಸ್ಲಿಂ ಎಂಬ ಹೆಸರಿನಿಂದ, ಸುಲ್ತಾನನ ಕುಡಿಯುವ ನೀರಿನ ಮೇಲಿನ ಮುದ್ರೆಯನ್ನು ಕಾಯುವ ಅಧಿಕಾರಿಯಾಗಿದ್ದನಂತೆ, ಈ ಪ್ರವಾಸಿಗೆ ಸ್ನೇಹಿತನಾಗಿದ್ದನಂತೆ. ತಂದೆಯನ್ನು ಕೊಂದವನ ನೀರಿಗೆ ಕಾವಲಿರಬೇಕಾದ ಮಗನನ್ನು ನೆನೆದಾಗಲೆಲ್ಲ ನನಗೆ ಮಾತು ಹೊರಡುವುದಿಲ್ಲ. ಇವನ್ನೆಲ್ಲ ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆ ಭಾಷಣಕಾರರು ಇನ್ನೊಂದು ಸಂಗತಿಯನ್ನು ಮುಚ್ಚಿಡುತ್ತಾರೆ. ಜಟ್ಟಂಗಿ ರಾಮೇಶ್ವರನ ಭಕ್ತರಾದ ಈ ಮನೆತನದವರು ಯಾರನ್ನು ಉಳಿಸಿಕೊಳ್ಳಲು ಮಡಿದರು? ದೆಹಲಿಯಿಂದ ತಪ್ಪಿಸಿಕೊಂಡು ಬಂದ ಒಬ್ಬ ಮುಸಲ್ಮಾನನನ್ನು. ಈ ಒಂದು ವಾಕ್ಯವನ್ನು ಬಿಟ್ಟು ಕುಮ್ಮಟದ ಕಥೆ ಹೇಳುವವನು ಬೇರಾವುದೋ ಕಥೆ ಹೇಳುತ್ತಿದ್ದಾನೆ.

ಎರಡನೆಯ ತಪ್ಪು ಉತ್ತರ ಕಾವ್ಯಗಳ ಮೂಲಕ ಬಂದುದು. ಕಂಪಿಲನ ಮಗ ಕುಮಾರರಾಮನನ್ನು ಕುರಿತು ನಂಜುಂಡಕವಿಯಿಂದ ಮೊದಲ್ಗೊಂಡು ಹಲವರು ಸಾಂಗತ್ಯಗಳನ್ನು ರಚಿಸಿದರು. ಮಲತಾಯಿ ರತ್ನಾಜಿ ಅವನನ್ನು ಮೋಹಿಸಿದುದು, ಅವನು ಒಲ್ಲೆನೆಂದುದು, ಅವಳ ದೂರನ್ನು ನಂಬಿ ತಂದೆ ಮರಣದಂಡನೆ ವಿಧಿಸಿದುದು, ಮಂತ್ರಿ ಬೈಚಪ್ಪ ಅವನನ್ನು ನೆಲಮನೆಯಲ್ಲಿ ಬಚ್ಚಿಟ್ಟುದು, ಕೊನೆಗೆ ಮಾತಂಗಿಯೆಂಬ ವೀರವನಿತೆ ಅವನ ತಲೆ ಕಡಿದುದು, ಇವೆಲ್ಲ ನಿಮಗೆ ಗೊತ್ತು. ಮಲೆನಾಡಿನ ಕೆಲವು ಗುಡಿಗಳಲ್ಲಿ ಇಂದಿಗೂ ಕುಮಾರರಾಮನ ಮರದ ತಲೆಯನ್ನಿಟ್ಟು ಪೂಜಿಸುತ್ತಾರೆ. 2006ರಲ್ಲಿ ಚಲನಚಿತ್ರವೂ ಬಂದಿತು. ಜನ ಒಬ್ಬ ಸೋತ ರಾಜಕುಮಾರನನ್ನು ಇಷ್ಟು ಶತಮಾನ ಎದೆಯಲ್ಲಿಟ್ಟುಕೊಂಡಿದ್ದಾರೆ, ಅದು ಸಣ್ಣ ಮಾತಲ್ಲ. ಆ ಕವಿಗಳ ಮೇಲೆ ನನಗೆ ದೂರಿಲ್ಲ. ಪರದಾರಸೋದರನೆಂಬ ಆದರ್ಶ ಅವರ ಕಾಲಕ್ಕೆ ಬೇಕಾಗಿತ್ತು. ದೂರಿರುವುದು ನಮ್ಮ ಮೇಲೆ. ರತ್ನಾಜಿಯ ಪ್ರಸಂಗವನ್ನು ನಾಟಕದಲ್ಲಿ, ಬಯಲಾಟದಲ್ಲಿ, ತೆರೆಯ ಮೇಲೆ ಎಷ್ಟು ಹಿಗ್ಗಿಸಿದೆವೆಂದರೆ ಅರಮನೆಯ ಒಳಜಗಳವೇ ಕೋಟೆಯನ್ನು ಕೆಡವಿತೆಂದು ಎಷ್ಟೋ ಜನ ನಂಬಿದ್ದಾರೆ. ಒಂದು ಹೆಣ್ಣಿನ ಮೇಲೆ ಹೊರೆ ಹೊರಿಸಿಬಿಟ್ಟರೆ ರಾಜನೀತಿಯನ್ನು ಯೋಚಿಸುವ ಶ್ರಮ ತಪ್ಪುತ್ತದೆ.

ಹೆಣ್ಣಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಕೊನೆಯ ದಿನ ಕಂಪಿಲನು ದೊಡ್ಡ ಬೆಂಕಿ ಹಾಕಿಸಿದನು, ಅರಮನೆಯ ಹೆಂಗಸರೂ ಪರಿವಾರದ ಹೆಂಗಸರೂ ಅದರಲ್ಲಿ ಬೆಂದುಹೋದರು. ಇದನ್ನು ವೈಭವವೆಂದು ವರ್ಣಿಸುವುದು ನನಗೆ ಒಪ್ಪಿಗೆಯಿಲ್ಲ. ಗುರ್ಷಾಸ್ಪನನ್ನು ಉಳಿಸಿಕೊಳ್ಳೋಣವೇ ಎಂದು ಅವರನ್ನು ಯಾರೂ ಕೇಳಿರಲಾರರು, ಬೆಲೆಯನ್ನು ಮಾತ್ರ ಅವರೂ ತೆತ್ತರು. ಅವರಲ್ಲಿ ಒಬ್ಬರ ಹೆಸರೂ ಆ ಪ್ರವಾಸಿಯ ಬರಹದಲ್ಲಿಲ್ಲ. ಕಂಪಿಲನನ್ನು ಗೌರವಿಸುವವರು ಈ ಲೆಕ್ಕವನ್ನೂ ಪೂರ್ತಿಯಾಗಿ ಬರೆಯಬೇಕು.

ಮೂರನೆಯ ತಪ್ಪು ಉತ್ತರ ವಿದ್ಯಾವಂತರದು. ಅವರ ಪಾಲಿಗೆ ಕುಮ್ಮಟ ವಿಜಯನಗರಕ್ಕೆ ಪೀಠಿಕೆ ಮಾತ್ರ. ಕಂಪಿಲಿ ದೆಹಲಿಯ ಪ್ರಾಂತವಾಯಿತು, ಹತ್ತು ವರ್ಷಗಳೊಳಗೆ ಆ ಹಿಡಿತ ಸಡಿಲಿತು, 1336ರಲ್ಲಿ ವಿಜಯನಗರ ಸ್ಥಾಪನೆಯಾಯಿತು ಎಂದು ಪಠ್ಯಪುಸ್ತಕ ಒಂದೇ ಉಸಿರಿಗೆ ಹೇಳಿ ಮುಂದೆ ಹೋಗುತ್ತದೆ. ಹರಿಹರ ಬುಕ್ಕರು ಹೊಯ್ಸಳರ ಕಡೆಯವರೋ ಕಾಕತೀಯರ ಕಡೆಯವರೋ, ಕನ್ನಡಿಗರೋ ತೆಲುಗರೋ ಎಂದು ಸಾಲೆತ್ತೊರೆಯವರ, ಹೆರಾಸ್ ಪಾದ್ರಿಗಳ, ನೇಲಟೂರಿ ವೆಂಕಟರಮಣಯ್ಯನವರ ಕಾಲದಿಂದ ವಾದ ನಡೆಯುತ್ತಲೇ ಇದೆ. ಆ ವಿದ್ವಾಂಸರು ಪ್ರಾಮಾಣಿಕವಾಗಿ ದುಡಿದವರು; ವೆಂಕಟರಮಣಯ್ಯನವರು 1929ರಲ್ಲಿಯೇ ಕಂಪಿಲಿಯ ಮೇಲೊಂದು ಪುಸ್ತಕ ಬರೆದರು. ಆ ಸೋದರರು ಮೊದಲು ಕಂಪಿಲನ ಸೇವೆಯಲ್ಲಿದ್ದರೆಂಬ ಪರಂಪರೆಯನ್ನು ಮುಂದಿಟ್ಟುಕೊಂಡೇ ವಾದದ ಬಹುಭಾಗ ನಡೆದಿದೆ. ಆದರೆ ಇಂದು ವೇದಿಕೆಯ ಮೇಲೆ ಮೇಜು ಕುಟ್ಟುವವರಲ್ಲಿ ಎಷ್ಟು ಮಂದಿ ಕುಮ್ಮಟವನ್ನು ಒಮ್ಮೆ ಹತ್ತಿ ನೋಡಿದ್ದಾರೆ? ಮಗುವಿನ ತಾಯಿ ತಾನೆಂದು ಇಬ್ಬರು ಜಗಳವಾಡುತ್ತಿರುವಾಗ ತೊಟ್ಟಿಲು ಗೆದ್ದಲಿಗೆ ಆಹಾರವಾಗುತ್ತಿದೆ.

ಒಂದು ಆಕ್ಷೇಪಣೆಯನ್ನು ನಾನೇ ಎತ್ತುತ್ತೇನೆ. ಕಂಪಿಲನದು ಶುದ್ಧ ಧರ್ಮಬುದ್ಧಿಯೇ, ರಾಜಕೀಯವಲ್ಲವೇ? ದೆಹಲಿಯ ವೈರಿ ತನ್ನ ಕೈಲಿದ್ದರೆ ಬಲ ಹೆಚ್ಚೀತೆಂದು ಅವನು ಎಣಿಸಿರಬಹುದಲ್ಲವೇ? ಎಣಿಸಿರಬಹುದು. ಮೊದಲ ದಿನದ ಆಶ್ರಯದಲ್ಲಿ ಲೆಕ್ಕಾಚಾರವೂ ಇದ್ದಿರಬಹುದು. ಆದರೆ ಕೊನೆಯ ದಿನದ ನಡತೆಯಲ್ಲಿ ಯಾವ ಲಾಭದ ಲೆಕ್ಕವೂ ಹೊಂದುವುದಿಲ್ಲ. ಗೆಲುವಿನ ಆಸೆಯೆಲ್ಲ ಮುಗಿದ ಮೇಲೂ ಅತಿಥಿಯನ್ನು ಕಳುಹಿಸಿಕೊಟ್ಟು ತಾನು ಹಿಂದುಳಿದವನ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಥೆ ಹೀಗೆ ಕೆಟ್ಟಿತು. ಕಲ್ಲು ಹೇಗೆ ಕೆಡುತ್ತಿದೆ ಎಂಬುದನ್ನು ಈಗ ನೋಡಿ. ರಾಜಕಾರಣದ ಕೇಂದ್ರ ನದಿಯ ದಡಕ್ಕೆ ಸರಿದ ಮೇಲೆ ಬೆಟ್ಟದ ಕೋಟೆಗೆ ಕೆಲಸ ಕಡಿಮೆಯಾಯಿತು. ಗಿರಿದುರ್ಗ ತಾನಾಗಿ ನಿಲ್ಲುವ ವಸ್ತುವಲ್ಲ. ಪ್ರತಿವರ್ಷ ಹೊಂಡದ ಹೂಳೆತ್ತಬೇಕು, ಗೋಡೆಯ ಸಂದಿನಲ್ಲಿ ಮೊಳೆತ ಆಲ ಅರಳಿಯ ಸಸಿಗಳನ್ನು ಕೀಳಬೇಕು, ಸಡಿಲಿದ ಚಕ್ಕೆಕಲ್ಲನ್ನು ಮತ್ತೆ ಬಿಗಿಯಬೇಕು. ಗಾರೆಯಿಲ್ಲದೆ ಪೇರಿಸಿದ ಗೋಡೆಗೆ ಅದರ ಭಾರವೇ ಆಧಾರ. ಪಕ್ಷಿ ತಂದು ಹಾಕಿದ ಬೀಜ ಬೇರು ಬಿಟ್ಟು ಕಲ್ಲನ್ನು ಕೂದಲೆಳೆಯಷ್ಟು ಸರಿಸುತ್ತದೆ, ಮಳೆನೀರು ಆ ಸಂದಿನಲ್ಲಿ ಇಳಿದು ಹಿಂದಿನ ಮಣ್ಣನ್ನು ತೊಯ್ಸುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ, ಒಂದು ಮಳೆಗಾಲದ ರಾತ್ರಿ ಯಾರಿಗೂ ತಿಳಿಯದಂತೆ ಕೂರುತ್ತದೆ. ಬಿದ್ದ ಕಲ್ಲು ಅನಾಥವಾದುದರಿಂದ ಹೊಲದ ಒಡ್ಡಿಗೂ ಮನೆಯ ಮೆಟ್ಟಿಲಿಗೂ ಹೋಗುತ್ತದೆ. ಇದಕ್ಕೆ ಯಾವ ಶತ್ರುವಿನ ಫಿರಂಗಿಯೂ ಬೇಕಾಗಿಲ್ಲ.

ಇದರ ಮೇಲೆ ನಿಧಿಗಳ್ಳರು. ನಾಡಿನ ಯಾವ ಪಾಳುಕೋಟೆಗೆ ಹೋದರೂ ಲಿಂಗದ ಬುಡ ಅಗೆದಿರುತ್ತದೆ, ನಂದಿಯನ್ನು ಉರುಳಿಸಿರುತ್ತದೆ, ನಿಂಬೆಹಣ್ಣು ಕುಂಕುಮ ಬಿದ್ದಿರುತ್ತದೆ. ದೆಹಲಿಯ ಸೇನೆ ಮುತ್ತಿ, ಗೆದ್ದು, ಸೂರೆ ಮಾಡಿ ಬಿಟ್ಟುಹೋದ ಹೊನ್ನನ್ನು ಏಳು ಶತಮಾನಗಳ ಬಳಿಕ ಹಾರೆ ಹಿಡಿದ ನಾಲ್ವರು ಅಮಾವಾಸ್ಯೆಯ ರಾತ್ರಿ ಕಂಡುಹಿಡಿಯುವರಂತೆ! ನಿಧಿ ಕಾಯಿದೆಯ ಪ್ರಕಾರ ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಆ ಕಾಯಿದೆ ಇಂದಿಗೂ ಇದೆ. ಆದರೆ ಕಾಯಿದೆಗಿಂತ ಮೊದಲು ಇರಬೇಕಾದುದು ತಿಳಿವಳಿಕೆ. ಆ ಬೆಟ್ಟದಲ್ಲಿ ಏನಾಯಿತೆಂದು ನಾವು ಮಕ್ಕಳಿಗೆ ಹೇಳಿಕೊಟ್ಟಿಲ್ಲ. ಹಾಗಾಗಿ ಅಲ್ಲಿ ಹುಡುಕುವುದಕ್ಕೆ ಚಿನ್ನವೊಂದೇ ಉಳಿದಿದೆ. ಕಥೆ ಕೆಟ್ಟುದಕ್ಕೂ ಕಲ್ಲು ಕೆಡುತ್ತಿರುವುದಕ್ಕೂ ಇರುವ ಸಂಬಂಧ ಇದೇ.

ಬರಗಾಲದ ಸೀಮೆಯಲ್ಲಿ ಕೋಟೆಗೆ ಹಣ ಸುರಿಯಬೇಕೆ ಎಂದು ಕೇಳುವವರಿದ್ದಾರೆ. ನಾನು ಕೇಳುತ್ತಿರುವುದು ಹಣದ ಹೊಳೆಯನ್ನಲ್ಲ. ಸಿಮೆಂಟಿನ ಮೆಟ್ಟಿಲು, ಬಣ್ಣದ ದೀಪ, ಖಡ್ಗ ಎತ್ತಿದ ಪ್ರತಿಮೆ ಇವು ಬೇಡವೇ ಬೇಡ. ಅಂಥ ಉದ್ಧಾರಕ್ಕಿಂತ ಮುಳ್ಳುಕಂಟಿಯೇ ವಾಸಿ. ಮೊದಲು ಬೆಟ್ಟದ ಎಲ್ಲೆ ಗುರುತಿಸಿ ಅಳತೆಯ ನಕ್ಷೆ ತಯಾರಿಸಬೇಕು. ಗೋಡೆ, ಬಾಗಿಲು, ಹೊಂಡ, ಗುಡಿಗಳನ್ನು ಪಟ್ಟಿ ಮಾಡಿ ಚಿತ್ರ ತೆಗೆದಿಡಬೇಕು. ವರ್ಷಕ್ಕೊಮ್ಮೆ ಸಸಿ ಕೀಳಿಸಬೇಕು. ಅಲ್ಲಿಯ ಹಳ್ಳಿಯವರಲ್ಲೇ ಇಬ್ಬರನ್ನು ಸಂಬಳ ಕೊಟ್ಟು ಕಾವಲಿಗಿಡಬೇಕು. ಸುತ್ತಿನ ಕಲ್ಲುಗಣಿಗಳನ್ನು ಎಲ್ಲೆಯ ಹೊರಗೆ ನಿಲ್ಲಿಸಬೇಕು. ಇದನ್ನೇ ಬರೆದು ಹಿಂದೊಮ್ಮೆ ಒಂದು ಕಛೇರಿಗೆ ಪತ್ರ ಕಳುಹಿಸಿದ್ದೆ. ಅದನ್ನು ಸಂಬಂಧಪಟ್ಟ ಶಾಖೆಗೆ ರವಾನಿಸಲಾಗಿದೆಯೆಂದು ಉತ್ತರ ಬಂದಿತು. ಆ ಶಾಖೆ ಯಾವುದೆಂದು ಕೇಳಿ ಬರೆದ ಎರಡನೆಯ ಪತ್ರಕ್ಕೆ ಉತ್ತರ ಬರಲಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮದು. ಇಲ್ಲಿ ಹಾಕುವುದಕ್ಕೆ ಬಾಗಿಲೂ ಉಳಿಯುವ ಹಾಗೆ ಕಾಣುವುದಿಲ್ಲ.

ಅದೇ ಸೀಮೆಯ ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಿರೇಬೆಣಕಲ್ಲಿನ ಶಿಲಾಸಮಾಧಿಗಳು 2021ರಲ್ಲಿ ಅದರ ತಾತ್ಕಾಲಿಕ ಪಟ್ಟಿಗೆ ಬಂದವು. ಎರಡೂ ಸಂತೋಷದ ವಿಷಯ. ಅವೆರಡರ ಆಸುಪಾಸಿನಲ್ಲೇ ಇರುವ ಕುಮ್ಮಟಕ್ಕೆ ಮಾತ್ರ ಜಾತ್ರೆಯ ದಿನ ಬಿಟ್ಟರೆ ಬರುವವರು ಕಡಿಮೆ. ಗೆದ್ದವರ ರಾಜಧಾನಿಯನ್ನು ನೋಡಲು ಜಗತ್ತೇ ಬರುತ್ತದೆ. ಸೋತವನ ಬೆಟ್ಟವನ್ನು ಹತ್ತಲು ಅವನ ಸೋಲಿನಲ್ಲಿ ನಮ್ಮದೂ ಏನೋ ಇದೆಯೆಂಬ ಅರಿವು ಬೇಕು.

1327ರ ಆ ಯುದ್ಧಕ್ಕೆ 2027ರಲ್ಲಿ ಏಳುನೂರು ವರ್ಷ ತುಂಬುತ್ತದೆ. ಆ ನೆಪದಲ್ಲಿ ಮೆರವಣಿಗೆಗಳೂ ಭಾಷಣಗಳೂ ನಡೆದಾವು. ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಕೆಲವರು ಸರ್ಕಾರಿ ನೌಕರಿಯಲ್ಲಿದ್ದೀರಿ, ಭೂಮಾಪನ ಬಲ್ಲ ಇಂಜಿನಿಯರುಗಳೂ ಇದ್ದೀರಿ. ಶಿಕ್ಷಕರಾದವರು ತರಗತಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಕಂಪಿಲನು ಯಾರಿಗಾಗಿ ಸತ್ತನು? ಉತ್ತರವನ್ನು ಮಕ್ಕಳೇ ಹುಡುಕಲಿ. ಅಳತೆ ಬಲ್ಲವರು ಬೇಸಿಗೆಯ ರಜೆಗೆ ಮೊದಲು, ಬಿಸಿಲು ಏರುವ ಮುನ್ನ, ಸ್ಥಳೀಯರನ್ನು ಜೊತೆಗೆ ಕರೆದುಕೊಂಡು ಒಮ್ಮೆ ಆ ಬೆಟ್ಟ ಹತ್ತಿ ಗೋಡೆಗಳನ್ನು ಗುರುತು ಹಾಕಿಕೊಂಡು ಬನ್ನಿ. ಒಂದು ಕಲ್ಲನ್ನೂ ಕದಲಿಸಬೇಡಿ. ತಂದ ನಕ್ಷೆಯ ಒಂದು ಪ್ರತಿಯನ್ನು ನನಗೂ ಕಳುಹಿಸಿ. ಮೂರನೆಯ ಪತ್ರದೊಡನೆ ಲಗತ್ತಿಸುವುದಕ್ಕೆ ಬೇಕು.